ಖಾಲಿ ಬಿಟ್ಟ ಮೆಟ್ಟಿಲು

ನನ್ನ ದಿನಚರಿಯ ಮೂರನೆಯ ವಹಿಯಲ್ಲಿ ಒಂದು ಪುಟವಿದೆ. ಅದರಲ್ಲಿ ನಾಲ್ಕು ಅಂಕಣ ಎಳೆದಿದ್ದೇನೆ: ಕಳಿಸಿದ ತಾರೀಖು, ಬಂದ ತಾರೀಖು, ಪೂರ್ತಿ, ಅಪೂರ್ತಿ. ಮೊದಲ ಎರಡು ಅಂಕಣಗಳಲ್ಲಿ ಹತ್ತು ಹತ್ತು ತಾರೀಖುಗಳು. ಮೂರನೆಯದು ಬರಿದು. ನಾಲ್ಕನೆಯದರಲ್ಲಿ ಹತ್ತು ಗೆರೆಗಳು. ಎಲ್ಲಕ್ಕೂ ಕೆಳಗೆ ಒತ್ತಿ ಬರೆದ ಒಂದು ಸಾಲು: "ಹುಡುಗಿಗೆ ಮನಸ್ಸಿಲ್ಲ. ಹುಕ್ಕೇರಿಗೆ ಹೋಗಿ ಮದುವೆ ಬೇಡವೆಂದು ಹೇಳಿ ಬರುವುದು."

ಆ ಪುಟವನ್ನು ನಂಬಿ ನಾನು ಹೊರಟೂ ಹೊರಟಿದ್ದೆ. ಮದುವೆ ಮುರಿಯಲಿಲ್ಲ. ಅದರಲ್ಲಿ ನನ್ನ ಜಾಣತನವೇನೂ ಇಲ್ಲ; ಮೂವರು ಹೆಂಗಸರ ಉಪಕಾರವಿದೆ. ಅದನ್ನು ತಾರೀಖು ಮರೆಯುವ ಮುಂಚೆ ಬರೆದಿಡಬೇಕೆನ್ನಿಸಿದೆ.

ಆಗ ನನಗೆ ಇಪ್ಪತ್ತೆರಡು ವರ್ಷ. ಗೋಕಾಕ ಫಾಲ್ಸಿನ ಗಿರಣಿಯ ಆಫೀಸಿನಲ್ಲಿ ನೂಲಿನ ತೂಕ ಬರೆಯುವ ಕೆಲಸ. ದಿನಕ್ಕೆ ಇಷ್ಟು ಲಡಿ, ಇಷ್ಟು ಪೌಂಡು ಎಂದು ಬರೆದು ಬರೆದು, ಬರೆದದ್ದೇ ನಿಜ, ಬರೆಯದೆ ಉಳಿದದ್ದು ಇಲ್ಲವೇ ಇಲ್ಲ ಎಂಬ ಅಭ್ಯಾಸ ಕೈಗೆ ಬಂದಿತ್ತು. ತಾಯಿ ಮತ್ತು ಅಕ್ಕ ಮೂಡಲಗಿಯಲ್ಲಿದ್ದರು. ಅಕ್ಕನನ್ನು ಅದೇ ಊರಿಗೆ ಕೊಟ್ಟಿದ್ದರಿಂದ ಅವಳು ಹೆಚ್ಚು ಹೊತ್ತು ತವರಿನಲ್ಲಿಯೇ ಇರುತ್ತಿದ್ದಳು.

ವೈಶಾಖ ಮುಗಿಯುವ ಹೊತ್ತಿಗೆ ಮೂವರೂ ಕೂಡಿ ಹುಕ್ಕೇರಿಗೆ ಹುಡುಗಿ ನೋಡಲು ಹೋದೆವು. ಹುಡುಗಿಯ ತಂದೆ ಬೆಲ್ಲದ ವ್ಯಾಪಾರಿ. ಅವರು ನನ್ನನ್ನು ಪಗಾರ, ಬಾಡಿಗೆಗಿರುವ ಕೋಲಿ, ಊಟದ ವ್ಯವಸ್ಥೆ ಎಲ್ಲ ಕೇಳಿದರು. ನನ್ನ ತಾಯಿ ಹುಡುಗಿಯ ಕೈಗೆ ಒಂದು ಪುಸ್ತಕ ಕೊಟ್ಟು ಓದಿಸಿದಳು. ಆಕೆ ತಲೆ ಎತ್ತದೆ, ಎಲ್ಲಿಯೂ ತಡವರಿಸದೆ ಅರ್ಧ ಪುಟ ಓದಿ ಒಳಗೆ ಹೋದಳು. ಅಷ್ಟೇ. ಎಲ್ಲರ ಬಾಯಿಗೆ ಸಕ್ಕರೆ ಹಾಕಿ, ದೀಪಾವಳಿ ಮುಗಿದ ಮೇಲೆ ಮದುವೆ ಎಂದು ನಿಶ್ಚಯಿಸಿದರು.

ಮೂಡಲಗಿಗೆ ಬಂದ ಮೇಲೆ ಅಕ್ಕ ನನ್ನನ್ನು ಹಿತ್ತಲಿಗೆ ಕರೆದಳು. ಹುಡುಗಿಯ ಕಣ್ಣು ಬಾತಿದ್ದನ್ನು ನೋಡಿದೆಯಾ ಎಂದು ಕೇಳಿದಳು. ನೋಡಿಲ್ಲವೆಂದೆ. ಆಕೆ ಎರಡು ದಿನದಿಂದ ಅತ್ತಿದ್ದಾಳೆಂದು ಹುಕ್ಕೇರಿಯಲ್ಲಿ ಪಕ್ಕದ ಮನೆಯವರು ಆಡಿಕೊಂಡದ್ದು ಅಕ್ಕನ ಕಿವಿಗೆ ಬಿದ್ದಿತ್ತು.

"ನನ್ನ ಮದವಿ ಆಗೂ ಮುಂದ ನನ್ನ ಒಬ್ಬರೂ ಕೇಳಲಿಲ್ಲ, ತಮ್ಮಾ," ಎಂದಳು. "ಆಕಿನ್ನರ ನೀ ಕೇಳು. ಬ್ಯಾಡ ಅಂದ್ರ ಬಿಟ್ಟಬಿಡು."

ಭಾವ ಕೆಟ್ಟವರಲ್ಲ. ಆದರೂ ಅಕ್ಕ ಆ ಮಾತು ಹೇಳುವಾಗ ನನ್ನ ಮುಖ ನೋಡಲಿಲ್ಲ. ಬೇಡ ಎನ್ನುವ ಹುಡುಗಿಯನ್ನು ಕಟ್ಟಿಕೊಳ್ಳುವುದಿಲ್ಲ ಎಂದು ನಾನು ಆ ದಿನವೇ ವಹಿಯಲ್ಲಿ ಬರೆದೆ. ಆದರೆ ಕೇಳುವುದು ಹೇಗೆ? ನಿಶ್ಚಯವಾದ ಹುಡುಗಿಯ ಮನೆಗೆ ಮದುವೆಗೆ ಮುಂಚೆ ಹೋಗುವಂತಿಲ್ಲ. ಕಾಗದ ಬರೆದರೆ ಅದನ್ನು ಮೊದಲು ಒಡೆಯುವವರು ಆಕೆಯ ತಂದೆ.

ಗಿರಣಿಯ ವಾಚನಾಲಯದಲ್ಲಿ ಒಂದು ಹಳೆಯ ಇಂಗ್ಲಿಷ್ ಮಾಸಿಕ ಬಿದ್ದಿತ್ತು. ಅದರಲ್ಲಿ ಒಂದು ಆಟ ಕೊಟ್ಟಿದ್ದರು. ಮೇಲೊಂದು ಪದ, ಕೆಳಗೊಂದು ಪದ. ಒಂದು ಸಲಕ್ಕೆ ಒಂದೇ ಅಕ್ಷರ ಬದಲಿಸುತ್ತ, ಪ್ರತಿ ಸಲವೂ ಅರ್ಥವಿರುವ ಪದವನ್ನೇ ಮಾಡುತ್ತ, ಮೇಲಿನಿಂದ ಕೆಳಕ್ಕೆ ಇಳಿಯಬೇಕು. ನಾನು ಅದನ್ನು ಕನ್ನಡದಲ್ಲಿ ಮಾಡಿ ನೋಡಿದೆ. 'ಬಳೆ'ಯಿಂದ 'ಮನೆ'ಗೆ ಹೋಗಬೇಕಾದರೆ ನಡುವೆ 'ಮಳೆ' ಎಂಬ ಒಂದೇ ಮೆಟ್ಟಿಲು ಸಾಕು. ಆ ರಾತ್ರಿ ಊಟಕ್ಕೆ ಏಳುವುದರೊಳಗೆ ಹನ್ನೊಂದು ಮಾಡಿದ್ದೆ. ನಮ್ಮ ಕಡೆ ಏಣಿಗೆ ನಿಚ್ಚಣಿಕಿ ಎನ್ನುತ್ತಾರೆ. ಆಟಕ್ಕೂ ಅದೇ ಹೆಸರಿಟ್ಟೆ.

ಕಾರಹುಣ್ಣಿಮೆ ಮುಗಿದ ಸೋಮವಾರ ಅಂಚೆಯಲ್ಲಿ ಜವಾಬಿ ಕಾರ್ಡು ಕೊಂಡೆ. ಎರಡು ಕಾರ್ಡು ಕೂಡಿಕೊಂಡಿರುವಂಥದು. ಒಂದರಲ್ಲಿ ನಾವು ಬರೆಯುವುದು, ಇನ್ನೊಂದರಲ್ಲಿ ಅವರು ಉತ್ತರ ಬರೆದು ಹರಿದು ಕಳಿಸುವುದು. ಹುಡುಗಿಯ ತಂದೆಯ ಹೆಸರಿಗೇ ಬರೆದೆ. ತಮ್ಮ ಮಗಳು ಓದಿದವರು, ವಿನೋದಕ್ಕೊಂದು ಪದದಾಟ ಕಳಿಸಿದ್ದೇನೆ, ತಮ್ಮ ಅಪ್ಪಣೆಯಿದ್ದರೆ ಬಿಡಿಸಲಿ ಎಂದು. ಉತ್ತರದ ಅರ್ಧದಲ್ಲಿ ಮೇಲೆ 'ಕಲ್ಲು' ಎಂದೂ ಕೆಳಗೆ 'ಹೂವು' ಎಂದೂ ಬರೆದು ನಡುವೆ ಮೂರು ಗೆರೆ ಎಳೆದೆ. ಕಲ್ಲು, ಕರು, ನೀರು, ನೀವು, ಹೂವು. ಮೂರನೆಯ ಗೆರೆಯ ಮೇಲೆ ಆಕೆಯ ಕೈಯಿಂದ 'ನೀವು' ಎಂದು ಬರೆಸಿಕೊಳ್ಳುವ ಆಸೆ ನನಗಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ನನ್ನ ಲೆಕ್ಕ ಸರಳವಾಗಿತ್ತು. ಮನಸ್ಸಿದ್ದವಳು ಪೂರ್ತಿ ಮಾಡಿ ಕಳಿಸುತ್ತಾಳೆ. ಇಲ್ಲದವಳು ಅರ್ಧಕ್ಕೆ ಬಿಡುತ್ತಾಳೆ.

ಶನಿವಾರ ಉತ್ತರ ಬಂತು. ಕರು, ನೀರು. ಮೂರನೆಯ ಗೆರೆ ಖಾಲಿ. ಬೇರೆ ಒಂದು ಅಕ್ಷರವೂ ಇಲ್ಲ. ಅಪೂರ್ತಿ ಎಂದು ಗೆರೆ ಎಳೆದೆ.

ಎರಡನೆಯದು 'ಹಾಲಿ'ನಿಂದ 'ಜೇನಿ'ಗೆ. ಹಾಡು, ನಾಡು ತುಂಬಿ ಬಂದವು, 'ನಾನು' ಇರಲಿಲ್ಲ. ಮತ್ತೊಂದು ಗೆರೆ. ನಾಲ್ಕನೆಯ ವಾರ 'ಆಸೆ'ಯಿಂದ 'ಜೇನಿ'ಗೆ ಕಳಿಸಿದೆ. ಆಸೆ, ಮೀಸೆ, ಮೀನು, ಜೇನು. ಮೀಸೆ ಬಂತು. ಮುಂದಿನ ಗೆರೆ ಖಾಲಿಯಿತ್ತು, ಅದರ ಪಕ್ಕದಲ್ಲಿ ವ್ಯಾಪಾರಿಗಳ ಓರೆ ಅಕ್ಷರದಲ್ಲಿ ಆಕೆಯ ತಂದೆ ಬರೆದಿದ್ದರು: "ಇಲ್ಲಿ ಮೀನು ಬರುತ್ತದೆ. ನಮ್ಮ ಮನೆಯ ಹೆಣ್ಣುಮಗಳ ಕೈಯಿಂದ ಅದನ್ನು ಬರೆಸಬಾರದಾಗಿ ವಿನಂತಿ." ಲಿಂಗ ಕಟ್ಟಿಕೊಂಡವರ ಮನೆಗೆ ನಾನು ಕಾರ್ಡಿನಲ್ಲಿ ಮೀನು ಕಳಿಸಿದ್ದೆ. ಕ್ಷಮೆ ಕೇಳಿ ಬರೆದೆ. ಆದರೂ ಆ ವಾರವನ್ನೂ ಅಪೂರ್ತಿ ಎಂದೇ ಲೆಕ್ಕ ಹಿಡಿದೆ.

ಒಂಬತ್ತು ವಾರ ಹೀಗೆಯೇ ಹೋಯಿತು. ಹತ್ತನೆಯದರಲ್ಲಿ ಒಂದೇ ಗೆರೆ ಇಟ್ಟೆ. ಮೇಲೆ 'ನಾನು', ಕೆಳಗೆ 'ನೀವು'. ನಡುವೆ 'ನಾವು' ಎಂದು ಬರೆದರೆ ಸಾಕಿತ್ತು. ಶ್ರಾವಣದ ಕೊನೆಯ ಶನಿವಾರ ಕಾರ್ಡು ಬಂತು. ಗೆರೆ ನಾನು ಎಳೆದಂತೆಯೇ ಇತ್ತು. ಆ ಪುಟದ ಕೆಳಗಿನ ಸಾಲನ್ನು ಬರೆದದ್ದು ಅವತ್ತು. ದುಃಖವಾಯಿತು ಎಂದು ವಹಿಯಲ್ಲಿ ಬರೆದಿಲ್ಲ. ಸಂಜೆ ಊಟ ಮಾಡಲಿಲ್ಲ ಎಂದು ಮಾತ್ರ ಬರೆದಿದ್ದೇನೆ.

ಮರುದಿನ ರವಿವಾರ, ಗಿರಣಿಗೆ ಸೂಟಿ. ಸ್ಟೇಷನ್ನಿನವರೆಗೆ ನಡೆದು ಅಲ್ಲಿಂದ ಹುಕ್ಕೇರಿಯ ಬಸ್ಸು ಹಿಡಿದೆ. ಯುದ್ಧದ ಕಾಲ, ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಮೇಲೆ ಓಡುತ್ತಿದ್ದವು. ದಿನ್ನೆ ಬಂದಲ್ಲೆಲ್ಲ ಇಳಿದು ನೂಕಬೇಕಾಗಿತ್ತು. ಮದುವೆ ಬೇಡವೆನ್ನಲು ಹೊರಟವನು ಮೂರು ಸಲ ಬಸ್ಸು ನೂಕಿದೆ.

ಹುಡುಗಿಯ ತಂದೆ ಮನೆಯಲ್ಲಿರಲಿಲ್ಲ. ಕಣಗಲಾಕ್ಕೆ ಹೋದವರು ಸಂಜೆಗೆ ಬರುತ್ತಾರೆಂದು ತಿಳಿಯಿತು. ಪಡಸಾಲೆಯಲ್ಲಿ ಅವರ ತಾಯಿ, ಎಂದರೆ ಹುಡುಗಿಯ ಅಜ್ಜಿ, ಕೂತಿದ್ದರು. ಮನೆಯವರೆಲ್ಲ ಅವರನ್ನು ಆಯಿ ಎನ್ನುತ್ತಿದ್ದರು. ನನ್ನನ್ನು ನೋಡಿ ಅವರಿಗೆ ಗಾಬರಿಯೇನೂ ಆಗಲಿಲ್ಲ.

"ಬರ್ರಿ ಅಳಿಯಾರ, ಕುಂದರ್ರಿ," ಎಂದರು. "ಹೇಳದ ಕೇಳದ ಬಂದೀರಿ. ಚೀಲದಾಗ ಮೀನ ತಂದಿಲ್ಲಲ್ಲಾ?"

ನಾನು ಇಲ್ಲವೆಂದೆ. ಬೆಲ್ಲ, ನೀರು ಕೊಟ್ಟು ಆಯಿ ತಮ್ಮ ಕೆಲಸಕ್ಕೆ ತಿರುಗಿದರು. ಮೂಲೆಯಲ್ಲಿ ಒಂದು ದೊಡ್ಡ ಮಣ್ಣಿನ ಹರವಿ ಇತ್ತು. ಅದನ್ನು ವಾಲಿಸಿ ಜೋಳವನ್ನು ಸೇರಿನಿಂದ ಅಳೆದು ಮೊರಕ್ಕೆ ಹಾಕುತ್ತಿದ್ದರು. ನನ್ನ ಕಣ್ಣು ತಾನಾಗಿಯೇ ಎಣಿಸತೊಡಗಿತು. ಐದು ಸೇರು ಆದ ಮೇಲೆ ಅವರು ಹರವಿಯನ್ನು ನೆಟ್ಟಗೆ ನಿಲ್ಲಿಸಿಬಿಟ್ಟರು. ತಳದಲ್ಲಿ ಇನ್ನೂ ಕಾಳು ಕಾಣುತ್ತಿತ್ತು.

"ಆಯಿ, ಇನ್ನೂ ಒಂದ್ ಹಿಡಿ ಉಳದೈತ್ರಿ," ಎಂದೆ.

"ಅದು ಇರಬೇಕ್ರಿ. ನಾಳಿ ಬರೋ ಜೋಳಕ್ಕ ಜೊತಿ ಬೇಕಲ್ಲಾ." ಮೊರ ಎಳೆದುಕೊಂಡು ಹರಳು ಆರಿಸುತ್ತ ಮುಂದುವರಿಸಿದರು: "ನಿಮ್ಮ ಕಾರ್ಡಿನ್ಯಾಗೂ ನಮ್ಮ ಹುಡಿಗಿ ಹಂಗ ಮಾಡತಾಳ. ಎಲ್ಲಾ ತುಂಬಸ್ತಾಳ, ಒಂದ್ ಬಿಡತಾಳ. ಬಾಯಿಲೆ ಹೇಳು ಅಂದ್ರ ಪಟ್ನ ಹೇಳತಾಳ. ಬರಿ ಅಂದ್ರ ನಗತಾಳ."

ಆಮೇಲೆ ಆಯಿ ಹೇಳಿದ್ದರಿಂದ ಎಷ್ಟೋ ತಿಳಿಯಿತು. ಕಾರ್ಡು ಬಂದ ದಿನ ಹುಡುಗಿಯ ತಂದೆ ಅದನ್ನು ಪಡಸಾಲೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದರಂತೆ. ಉತ್ತರವನ್ನೂ ಹಾಗೆಯೇ ಓದಿ ಅಂಚೆಗೆ ಹಾಕುತ್ತಿದ್ದರಂತೆ. ಕೊನೆಯ ಕಾರ್ಡಿನ ಗೆರೆಗೆ ಎರಡು ಪದ ಕೂಡುತ್ತವೆ: 'ನೀನು' ಮತ್ತು 'ನಾವು'. ಗಂಡನಾಗುವವನನ್ನು ನೀನು ಎನ್ನುವಂತಿಲ್ಲ. ತಂದೆಯ ಮುಂದೆ ನಾವು ಎಂದು ಬರೆಯುವಂತಿಲ್ಲ. ಹುಡುಗಿ ಕಾರ್ಡು ಹಿಡಿದುಕೊಂಡು ಅಡುಗೆಮನೆಗೆ ಓಡಿದ್ದಳಂತೆ.

ನಾನು ಚೀಲದಿಂದ ವಹಿ ತೆಗೆದೆ. ಅದರ ನಡುವೆಯೇ ಹತ್ತೂ ಕಾರ್ಡುಗಳಿದ್ದವು. ಒಂದೊಂದಾಗಿ ನೋಡಿದೆ. ಎರಡು ಗೆರೆ ಖಾಲಿಯಿರುವ ಕಾರ್ಡು ಒಂದೂ ಇರಲಿಲ್ಲ. ಆಟ ಬಾರದವಳು ಒಮ್ಮೆ ಎರಡು ಬಿಡುತ್ತಾಳೆ, ಒಮ್ಮೆ ಮೂರು ಬಿಡುತ್ತಾಳೆ. ಮನಸ್ಸಿಲ್ಲದವಳು ಎಲ್ಲವನ್ನೂ ಬಿಡುತ್ತಾಳೆ. ಎಣಿಸಿ ಒಂದನ್ನೇ ಬಿಡುವವಳನ್ನು ಬರೆದುಕೊಳ್ಳಲು ನನ್ನ ಪುಟದಲ್ಲಿ ಅಂಕಣವಿರಲಿಲ್ಲ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಆ ಕಡೆಗೆ ಮುಖ ಮಾಡಿ, ಎಲ್ಲವೂ ಗೊತ್ತಿದ್ದ ಮೇಲೆ ಒಂದನ್ನು ಯಾಕೆ ಬಿಟ್ಟಿರೆಂದು ಕೇಳಿದೆ. ಸಪ್ಪಳ ನಿಂತಿತು.

"ಪೂರಾ ತುಂಬಿಸಿ ಕಳಿಸಿದ್ರ ನೀವು ಮತ್ತ ಬರಿಯಾಕ ಏನ್ ಕಾರಣ ಇರತಿತ್ರಿ?"

ನಾನು ಆ ಧ್ವನಿ ಕೇಳಿದ್ದು ಎರಡನೆಯ ಸಲ. ಮೊದಲ ಸಲ ಅದು ಪುಸ್ತಕ ಓದಿತ್ತು. ಅಷ್ಟಕ್ಕೇ ಸಂತೋಷಪಟ್ಟು ಎದ್ದು ಬರಬಹುದಾಗಿತ್ತು. ಆದರೆ ಹತ್ತು ಕಾರ್ಡುಗಳಲ್ಲಿಯೂ ನಾನು ಕೇಳಬೇಕಾದುದನ್ನು ಕೇಳಿರಲಿಲ್ಲ. ಸುಳಿವು ಹಿಡಿದು ತೀರ್ಮಾನ ಮಾಡಿ ಒಮ್ಮೆ ಮೋಸಹೋದವನು ಈಗ ಇನ್ನೊಂದು ಸುಳಿವನ್ನು ನಂಬುವುದು ಬೇಡವೆನ್ನಿಸಿತು.

"ನೋಡಾಕ ಬಂದ ದಿನಾ ನಿಮ್ಮನ್ನ ಯಾರೂ ಕೇಳಲಿಲ್ಲ," ಎಂದೆ. "ನಾ ಈಗ ಕೇಳತೇನಿ. ಈ ಮದವಿ ನಿಮ್ಮ ಮನಸಿಗೆ ಬಂದೈತೇನ್ರಿ?"

ಆಯಿ ಹರಳು ಆರಿಸುವುದನ್ನು ನಿಲ್ಲಿಸಲಿಲ್ಲ, ಆದರೆ ಅದೇ ಕಾಳನ್ನು ಮತ್ತೆ ಮತ್ತೆ ಸರಿಸುತ್ತಿದ್ದರು. ಒಳಗಿನಿಂದ ಉತ್ತರ ಬಂತು.

"ನಿಮ್ಮ ಮ್ಯಾಲ ಮನಸ ಐತ್ರಿ. ದೀಪಾವಳಿ ಮ್ಯಾಲ ಇಲ್ರಿ."

ನನಗೆ ಅರ್ಥವಾಗಲಿಲ್ಲ. ಆಯಿ ಕೇಳಿ ಕೇಳಿ ಬಿಡಿಸಿದರು. ಆಕೆ ಮುಲ್ಕಿ, ಎಂದರೆ ಕನ್ನಡ ಏಳನೆಯ ಇಯತ್ತೆಯ ಪರೀಕ್ಷೆಗೆ ಓದುತ್ತಿದ್ದಳು. ಅದು ಪಾಸಾದರೆ ಕನ್ಯಾಶಾಲೆಯಲ್ಲಿ ಕಲಿಸಬಹುದು. ಪರೀಕ್ಷೆ ಬರುವ ಬೇಸಿಗೆಯಲ್ಲಿ, ಬೆಳಗಾವಿಯಲ್ಲಿ. ನಾವು ನೋಡಲು ಬರುವ ಎರಡು ದಿನ ಮುಂಚೆಯೇ, ಕೂಡಿಬಂದರೆ ದೀಪಾವಳಿಗೆ ಮದುವೆ ಎಂದುಕೊಂಡ ಆಕೆಯ ತಂದೆ, ಇನ್ನು ಪರೀಕ್ಷೆ ಯಾತಕ್ಕೆ ಎಂದು ಪುಸ್ತಕಗಳನ್ನು ಕಟ್ಟಿ ಮೇಲಿಟ್ಟಿದ್ದರು. ಎರಡು ದಿನ ಅತ್ತದ್ದು ಅದಕ್ಕೆ.

"ಪರೀಕ್ಷಾಕ್ಕ ಅತ್ತಿಯೇನ?" ಎಂದರು ಆಯಿ. "ನಾ ಫೋಟೋದಾಗ ಇವರ ಮೀಸಿ ನೋಡಿ ಸೇರಲಿಲ್ಲೇನೋ ಅಂತ ಮಾಡಿದ್ನಿ."

ಸಂಜೆ ಹುಡುಗಿಯ ತಂದೆ ಬಂದರು. ನಾನು ಬೆಳಗಿನಿಂದ ಬಾಯಿಪಾಠ ಮಾಡಿಕೊಂಡಿದ್ದ ಮಾತನ್ನು ಬಿಟ್ಟು ಬೇರೆ ಮಾತು ಆಡಿದೆ. ಪರೀಕ್ಷೆ ಆಗಲಿ, ಮದುವೆ ವೈಶಾಖಕ್ಕೆ ಇಟ್ಟುಕೊಳ್ಳೋಣ ಎಂದೆ. ಅವರು ರುಮಾಲು ತೆಗೆದು ಗೂಟಕ್ಕೆ ಹಾಕಿದರು. ನೆಂಟರಿಗೆಲ್ಲ ಹೇಳಿಯಾಗಿದೆ, ಮುಂದೂಡಿದರೆ ಹುಡುಗನಲ್ಲಿ ಏನೋ ಐಬು ಇದೆ ಎನ್ನುತ್ತಾರೆ ಎಂದರು. ಐಬು ನನ್ನ ಮೇಲೆಯೇ ಇರಲಿ ಎಂದೆ.

"ಮದವಿ ಲಗೂ ಮಾಡ್ರಿ ಅಂತ ಗಂಟ ಬಿದ್ದ ಅಳಿಯಂದ್ರನ್ನ ನೋಡೇನಿ," ಎಂದರು ಅವರು. "ಮುಂದ ಹಾಕ್ರಿ ಅನ್ನಾಂವನ್ನ ಇವತ್ತ ನೋಡಿದೆ."

ಆಯಿ ನಡುವೆ ಬಾಯಿ ಹಾಕಿ, ಹುಡುಗ ಬಸ್ಸು ನೂಕಿಕೊಂಡು ಬಂದು ಕೇಳುತ್ತಿದ್ದಾನೆ, ಆಡಿಕೊಳ್ಳುವವರು ಯಾರೂ ನೂಕಿಕೊಂಡು ಬರುವುದಿಲ್ಲ ಎಂದರು. ಅಲ್ಲಿಗೆ ಮಾತು ಮುಗಿಯಿತು. ಮೇಲಿಟ್ಟ ಪುಸ್ತಕದ ಗಂಟನ್ನು ನನ್ನೆದುರಿಗೇ ಕೆಳಗಿಳಿಸಿದರು.

ಮುಂದಿನ ರವಿವಾರ ಮೂಡಲಗಿಗೆ ಹೋಗಿ ನಡೆದದ್ದನ್ನೆಲ್ಲ ಅಕ್ಕನಿಗೆ ಹೇಳಿದೆ. ಅವಳು ಹುಡುಗಿಯ ಉತ್ತರವನ್ನು ಎರಡು ಸಲ ಹೇಳಿಸಿಕೊಂಡಳು. ತನ್ನನ್ನು ಕೇಳದೆ ಮದುವೆ ಮುಂದೆ ಹಾಕಿದ್ದಕ್ಕೆ ತಾಯಿ ಮರುವಾರ ಹೋದಾಗಲೂ ನನ್ನ ಜೊತೆ ಮಾತು ಬಿಟ್ಟಿದ್ದಳು. ಅಕ್ಕನೇ ಅವಳನ್ನು ಸರಿಮಾಡಿದಳು.

ಮದುವೆಯಾಗಿ ಈಗ ಮೂರು ವರ್ಷ. ನನ್ನ ಹೆಂಡತಿ ಗೋಕಾಕದ ಶಾಲೆಯೊಂದರಲ್ಲಿ ಕಲಿಸುತ್ತಾಳೆ. ನಾನು ಇಂದಿಗೂ ಎಲ್ಲವನ್ನೂ ಬರೆದಿಡುತ್ತೇನೆ, ಸ್ವಭಾವ ಹೋಗುವಂಥದಲ್ಲ. ಆದರೆ ಮನುಷ್ಯರ ವಿಷಯದಲ್ಲಿ ಗೆರೆ ಎಳೆಯುವ ಮುಂಚೆ ಬಾಯಿಬಿಟ್ಟು ಕೇಳುತ್ತೇನೆ. ಹಾಗೆ ಕೇಳು ಎಂದವಳು ಅಕ್ಕ. ಕೇಳಲು ಎಡೆ ಮಾಡಿಕೊಟ್ಟವರು ಆಯಿ. ಕೇಳಿದಾಗ ಬರೀ ಹೂಂ ಎಂದು ನನ್ನನ್ನು ಖುಷಿಪಡಿಸಿ ಕಳಿಸದೆ, ಒಪ್ಪಿಗೆಯಿದ್ದುದಕ್ಕೆ ಒಪ್ಪಿಗೆ, ಇಲ್ಲದುದಕ್ಕೆ ಇಲ್ಲ ಎಂದು ಬಿಡಿಸಿ ಹೇಳಿದವಳು ಆಕೆ. ಆ ಮೂವರಲ್ಲಿ ಯಾರ ಋಣ ಹೆಚ್ಚು ಎಂದು ನಾನು ಲೆಕ್ಕ ಮಾಡಲು ಹೋಗಿಲ್ಲ.

ಆ ವರ್ಷ ದೀಪಾವಳಿ ಮದುವೆಯಿಲ್ಲದೆ ದಾಟಿತು. ಚಳಿಗಾಲವೆಲ್ಲ ನಾನು ಕಾರ್ಡು ಕಳಿಸಲಿಲ್ಲ. ಓದುವವಳಿಗೆ ಅಡ್ಡಿಯಾಗಬಾರದೆಂದು ತಡೆದುಕೊಂಡೆ. ಪರೀಕ್ಷೆ ಮುಗಿದ ನಾಲ್ಕನೆಯ ದಿನ ಹುಕ್ಕೇರಿಯಿಂದ ತಾನಾಗಿಯೇ ಒಂದು ಕಾರ್ಡು ಬಂತು. ಆಟವಿರಲಿಲ್ಲ, ಗೆರೆಯಿರಲಿಲ್ಲ. ದುಂಡನೆಯ ಅಕ್ಷರದಲ್ಲಿ ಎರಡು ಸಾಲು: "ಎಲ್ಲ ಪೇಪರುಗಳನ್ನೂ ಚೆನ್ನಾಗಿ ಬರೆದಿದ್ದೇನೆ. ಇನ್ನು ತಾವು ಬರಬಹುದು." ಅದನ್ನೂ ಆಕೆಯ ತಂದೆ ಪಡಸಾಲೆಯಲ್ಲಿ ಎಲ್ಲರಿಗೂ ಕೇಳುವಂತೆ ಓದಿಯೇ ಅಂಚೆಗೆ ಹಾಕಿದ್ದರಂತೆ.