ದೀಪದ ಬಳಿ ಇಟ್ಟ ಸೀಸೆ

ಈಚೆಗೊಂದು ದಿನ ಪ್ರಯೋಗಾಲಯದಲ್ಲಿ ಹುಡುಗಿಯೊಬ್ಬಳು ಗಂಧಕದ ಸಂಯುಕ್ತದ ಬಾಟಲಿಯ ಮುಚ್ಚಳ ತೆಗೆದಳು. ಕೊಳೆತ ಬೆಳ್ಳುಳ್ಳಿಯಂಥ ನಾತ. ಎಲ್ಲರೂ ಮೂಗು ಮುಚ್ಚಿಕೊಂಡು ಹೊರಗೋಡಿದರು. ನಾನು ಮಾತ್ರ ಅಲ್ಲೇ ನಿಂತೆ… ನನಗೆ ಆ ನಾತವೆಂದರೆ ನಮ್ಮ ಮೇಡಂ.

ಶಿಗ್ಗಾಂವಿಯ ಕಾಲೇಜಿನಲ್ಲಿ ಅವರು ನಮಗೆ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಬಂಕಾಪುರದಿಂದ ಬಸ್ಸಿಗೆ ಬರುತ್ತಿದ್ದ ನಾನು ಪಾಠ ಮುಗಿದ ಮೇಲೂ ಅವರ ಹಿಂದೆಯೇ ಸುತ್ತುತ್ತಿದ್ದೆ. ಚಿನ್ನದ ಕೆಲವೇ ಪರಮಾಣುಗಳ ಗುಚ್ಛಗಳನ್ನು ಮಾಡಿ, ಅವುಗಳ ಒಂದೇ ಒಂದು ಹರಳನ್ನು ನಿವೃತ್ತಿಗೆ ಮುಂಚೆ ಕೈಯಾರೆ ಬೆಳೆಸಿ ನೋಡಬೇಕೆಂಬ ಹಟ ಅವರಿಗೆ. ಕಾಲೇಜಿನಲ್ಲಿ ಚಿನ್ನವೆಲ್ಲಿಂದ ಬರಬೇಕು? ತೀರಿಕೊಂಡ ತಾಯಿಯ ಬೋರಮಾಳ ಸರದ ಚಿನ್ನದ ಗುಂಡೊಂದನ್ನು ಆಮ್ಲದಲ್ಲಿ ಕರಗಿಸಿಯೇಬಿಟ್ಟರು! ಅವರ ಅಕ್ಕ ಬಹಳ ದಿನ ಮಾತು ಬಿಟ್ಟಿದ್ದರಂತೆ.

ಅದಕ್ಕೆ ಆ ನಾತದ ಗಂಧಕದ ಸಂಯುಕ್ತ ಬೆರೆಸಿ, ಕೊನೆಗೂ ಕೆಂಗಂದು ದ್ರಾವಣ ತಯಾರಾಯಿತು. ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹೇಳಿದ್ದರು: "ನಡುವ ಬಂಗಾರ ಗುಂಪಾಗಿ ಕುಂತೈತಿ. ಸುತ್ತಲೂ ಈ ನಾತದ ಅಣುಗಳು. ಬಂಗಾರಕ್ಕೂ, ಒಂದಕ್ಕೊಂದಕ್ಕೂ ಹಗೂರಕ ತಾಗಿಕೊಂಡಾವ. ಒಂದೊಂದರ ಸೆಳೆತ ಏನೇನೂ ಅಲ್ಲವ್ವಾ, ಎಲ್ಲಾ ಕೂಡಿ ಗುಂಪು ಕಾಯ್ತಾವ."

ಹರಳು ಬೆಳೆಯಲು ಅದನ್ನು ತಂಪಾದ ಕಪಾಟಿನಲ್ಲಿ ಅಲುಗಾಡಿಸದೆ ಇಡಬೇಕಿತ್ತು. ಅಷ್ಟರಲ್ಲಿ ದಸರೆಯ ಖಂಡೇಪೂಜೆ ಬಂತು. ತಕ್ಕಡಿ, ಬರ್ನರು, ಸೂಕ್ಷ್ಮದರ್ಶಕಗಳಿಗೆಲ್ಲ ವಿಭೂತಿ, ಕುಂಕುಮ ಹಚ್ಚಿದೆವು. ಮೇಡಂಗೆ ಏನನ್ನಿಸಿತೋ, "ನಮ್ಮವ್ವನ ಬಂಗಾರಕ್ಕೂ ಪೂಜಿ ಆಗ್ಲಿ" ಎಂದು ಸೀಸೆಯನ್ನು ತಾವೇ ತಂದು ದೀಪದ ಪಕ್ಕದಲ್ಲಿಟ್ಟರು. ಬೆಳಗಿನವರೆಗೂ ಉರಿಯಲೆಂದು ದೀಪಕ್ಕೆ ಎಣ್ಣೆ ತುಂಬಿ ಮನೆಗೆ ಹೋದೆವು.

ಮರುದಿನ ಬಂದು ನೋಡಿದರೆ ದ್ರಾವಣದ ಬಣ್ಣವೇ ಇರಲಿಲ್ಲ. ತಳದಲ್ಲಿ ಕರಿ ಪುಡಿ ಕೂತಿತ್ತು. ದೀಪದ ಕಾವಿಗೆ ಆ ಹಗುರ ಸೆಳೆತಗಳು ಸಡಿಲಾಗಿ ಗುಚ್ಛಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಮೇಡಂ ಸ್ಟೂಲಿನ ಮೇಲೆ ಕುಸಿದು ಕುಳಿತರು. "ಇಷ್ಟು ಓದಿಕೊಂಡು ದೀಪದ ಬಾಜೂಕ ಇಟ್ಟೆನಲ್ಲವ್ವಾ…" ಎಂದವರು, ನಾನು ಅಳುತ್ತಿರುವುದನ್ನು ಕಂಡು ನನ್ನನ್ನೇ ಸಮಾಧಾನ ಮಾಡಿದರು. "ಅಳಬ್ಯಾಡ. ಬಂಗಾರ ಎಲ್ಲೂ ಹೋಗಿಲ್ಲ. ಮತ್ತ ಕರಗಿಸೂಣು."

ಕರಗಿಸಲಾಗಲಿಲ್ಲ. ಆ ಚಳಿಗಾಲದಲ್ಲೇ ಹಾಸಿಗೆ ಹಿಡಿದರು. ಹುಬ್ಬಳ್ಳಿಯ ದವಾಖಾನೆಗೆ ನೋಡಲು ಹೋದಾಗ, ಪುಡಿಯ ಸೀಸೆಯನ್ನು ನೀನೇ ಇಟ್ಟುಕೋ ಎಂದರು. ಮತ್ತೆ ಅವರನ್ನು ನಾನು ನೋಡಲಿಲ್ಲ…

ಈಗ ಅದೇ ಕಾಲೇಜಿನಲ್ಲಿ ನಾನೂ ಕಲಿಸುತ್ತೇನೆ. ಆ ನಾತದ ದಿನ ನಾವು ಕರಗಿಸಿದ್ದು ಅದೇ ಪುಡಿಯನ್ನು. ನಿನ್ನೆ ಆ ಹುಡುಗಿ ಕೂಗುತ್ತ ಓಡಿಬಂದಳು, ಹರಳು ಬಂದಿದೆ ಎಂದು. ಸೂಕ್ಷ್ಮದರ್ಶಕದ ಸುತ್ತ ಎಲ್ಲರೂ ನೆರೆದಿದ್ದರು, ಯಾರೂ ಇನ್ನೂ ಬಗ್ಗಿರಲಿಲ್ಲ.

"ಮೊದಲ ನೀವ ನೋಡ್ರಿ ಮೇಡಂ," ಎಂದಳು.

ಮೊದಲು ನೋಡಬೇಕಾದವಳು ನಾನಲ್ಲ ಎಂದುಕೊಂಡೆ. ಬಗ್ಗಿದೆ. ಕಣ್ಣು ತುಂಬಿ ಏನೂ ಕಾಣಲಿಲ್ಲ.