ತಂಪಾದ ದನಿ, ಒಣಗಿದ ಬತ್ತಿ

ಮದುವೆಯಾಗಿ ಬಂದ ವರ್ಷವೇ ಅವಳು ಹವಾಮಾನ ಕಚೇರಿಯ ಕೆಲಸಕ್ಕೆ ಸೇರಿದ್ದಳು. ದಿನಕ್ಕೆ ಮೂರು ಸಲ ಕಚೇರಿಯ ಹಿಂದಿನ ಬಯಲಿಗೆ ಹೋಗಿ, ನಾಲ್ಕು ಕಾಲಿನ ಮೇಲೆ ನಿಂತ ಬಿಳಿ ಪೆಟ್ಟಿಗೆಯ ಬಾಗಿಲು ತೆರೆದು, ಒಳಗಿನ ಥರ್ಮಾಮೀಟರುಗಳನ್ನು ನೋಡಿ ದಾಖಲೆ ಪುಸ್ತಕದಲ್ಲಿ ಬರೆಯುವುದು. ಅಷ್ಟೇ ಕೆಲಸ. ಬೀದಿಯವರು ಅವಳಿಗೆ ಪಾದರಸದಕ್ಕ ಎಂದೇ ಹೆಸರಿಟ್ಟಿದ್ದರು.

ಆ ಪುಸ್ತಕದಲ್ಲಿ ಅಳಿಸುವಂತಿಲ್ಲ. ತಪ್ಪಾದರೆ ಕೆಂಪು ಶಾಯಿಯಲ್ಲಿ ಹೊಡೆದು, ಪಕ್ಕದಲ್ಲಿ ಸರಿ ಅಂಕಿ ಬರೆದು, ಕಾರಣ ಬರೆದು ಸಹಿ ಹಾಕಬೇಕು. ಅವಳ ಹನ್ನೊಂದು ವರ್ಷದ ಪುಟಗಳಲ್ಲಿ ಎಲ್ಲೂ ಕೆಂಪು ಇರಲಿಲ್ಲ. ಅವಳಿಗೆ ಚಿನ್ನದ ಸರ ಇಲ್ಲದಿದ್ದರೂ ಇದಿತ್ತು.

ಎರಡು ವರ್ಷದ ಕೆಳಗೆ ಮೈದುನನ ಮದುವೆಯಾಯಿತು. ಮನೆಗೆ ಬಂದ ಓರಗಿತ್ತಿಗೆ ಊರಿನ ರೇಡಿಯೋದಲ್ಲಿ ಕೆಲಸ. ಸಂಜೆ ಐದೂವರೆಗೆ ಆ ಪ್ರದೇಶದ ಹವಾಮಾನ ಓದುವವಳು ಅವಳೇ. ಅಕ್ಕ ಬರೆದ ಅಂಕಿಗಳನ್ನು ನೋಡಿ ಕಚೇರಿಯ ಅಧಿಕಾರಿ ಮುನ್ಸೂಚನೆ ಬರೆಯುತ್ತಿದ್ದರು, ಆ ಹಾಳೆ ರೇಡಿಯೋಗೆ ಹೋಗುತ್ತಿತ್ತು, ಚಿಕ್ಕವಳು ಓದುತ್ತಿದ್ದಳು. ಊರು ಕೇಳಿ ತಲೆದೂಗುತ್ತಿತ್ತು.

ಐದೂವರೆಯಾದರೆ ಅತ್ತೆ ಸ್ಟವ್ ಆರಿಸಿಬಿಡುತ್ತಿದ್ದರು. "ಕುಕ್ಕರ್ ಕೂಗಿದರೆ ಚಿಕ್ಕವಳ ಮಾತು ಕೇಳಿಸಲ್ಲ."

"ಅವಳು ಓದೋ ಅಂಕಿ ನಾನು ಬರೆದದ್ದೇ ಅತ್ತೆ," ಎಂದಿದ್ದಳು ಒಂದು ದಿನ, ನಗುತ್ತಲೇ.

"ಅಂಕಿ ಯಾರು ಬೇಕಾದರೂ ಬರೀತಾರಮ್ಮ. ಹೇಳೋಕೆ ನಾಲಿಗೆ ಬೇಕು."

ಅದನ್ನಾದರೂ ನುಂಗಿಕೊಂಡಳು. ಆದರೆ ನಾಲ್ಕು ವರ್ಷದ ಸ್ವಂತ ಮಗಳು ಚಮಚ ಬಾಯಿಗೆ ಹಿಡಿದು, "ನಮಸ್ಕಾರ, ನಾನು ನಿಮ್ಮ ಚಿಕ್ಕಮ್ಮ," ಎಂದು ಗೋಡೆಗೆ ಹವಾಮಾನ ಹೇಳಿದ ದಿನ ಅವಳಿಗೆ ನುಂಗಲಾಗಲಿಲ್ಲ. ಮಗುವಿನ ಕೈಯಿಂದ ಚಮಚ ಕಸಿದು ತೊಳೆದಳು. ಚಮಚ ಮೊದಲೇ ತೊಳೆದದ್ದಾಗಿತ್ತು.

ಆ ವರ್ಷ ಚಳಿ ಹೋದ ಬೆನ್ನಿಗೇ ಬಿಸಿಲು ಬಂತು. ಗಿಡಗಳು ಚಿಗುರುವ ಹೊತ್ತಿಗೆ ಚಿಗುರೇ ಬಾಡಿತು. ಮೂರು ವಾರ ಮೋಡವಿಲ್ಲ. ಊರಿನ ಹಿಂದಿನ ಗುಡ್ಡದ ಹುಲ್ಲು ಕಾಗದದಂತೆ ಒಣಗಿ, ಬೆಂಕಿ ಕಾವಲಿನವರು ಹಗಲೂ ರಾತ್ರಿ ಅಲ್ಲೇ ಪಾಳಿ ಹಾಕಿಕೊಂಡಿದ್ದರು. ಪೆಟ್ಟಿಗೆಯೊಳಗಿನ ಒಂದು ಥರ್ಮಾಮೀಟರಿನ ಬುಡಕ್ಕೆ ಬಟ್ಟೆಯ ಬತ್ತಿ ಸುತ್ತಿ, ಬತ್ತಿಯ ತುದಿ ಪುಟ್ಟ ಬಟ್ಟಲಿನ ನೀರಿನಲ್ಲಿ ಮುಳುಗಿರುತ್ತದೆ. ಒಣ ಥರ್ಮಾಮೀಟರಿಗೂ ಈ ಒದ್ದೆಯದಕ್ಕೂ ಎಷ್ಟು ಅಂತರವೋ ಅದರಿಂದ ಗಾಳಿಯ ತೇವಾಂಶ ಗೊತ್ತಾಗುತ್ತದೆ; ಅಂತರ ಕಡಿಮೆಯಾದಷ್ಟೂ ತೇವ ಹೆಚ್ಚು. ಬೇರೆ ವರ್ಷ ಬೆಳಗ್ಗೆ ಒಮ್ಮೆ ನೀರು ತುಂಬಿದರೆ ಸಾಕಿತ್ತು. ಈ ವರ್ಷ ಮಧ್ಯಾಹ್ನ ಹನ್ನೆರಡಕ್ಕೆ ಮತ್ತೆ ತುಂಬಬೇಕಾಗಿತ್ತು, ಇಲ್ಲದಿದ್ದರೆ ಬತ್ತಿ ಒಣಗಿ ಅದರ ಪಾದರಸ ಸುಳ್ಳೇ ಮೇಲೇರುತ್ತಿತ್ತು.

ಆ ದಿನ ಹನ್ನೆರಡಕ್ಕೆ ನೀರಿನ ಬಾಟಲಿ ಹಿಡಿದು ಹೊರಟವಳನ್ನು ಕಸ ಗುಡಿಸುವಾಕೆ ತಡೆದಳು. "ಪಾದರಸದಕ್ಕ, ನಿಮ್ಮನೆಯವರು ಪೇಪರಲ್ಲಿ ಬಂದಿದ್ದಾರೆ ನೋಡಿ."

ಊರಿನ ಪತ್ರಿಕೆ. ಮೈಕಿನ ಮುಂದೆ ಓರಗಿತ್ತಿ. ಕೆಳಗೆ ದಪ್ಪ ಅಕ್ಷರದಲ್ಲಿ: ಸುಡು ಬಿಸಿಲಿನಲ್ಲಿ ತಂಪಾದ ದನಿ.

ಒಮ್ಮೆ ಓದಿದಳು. ಅಂಕಿ ಎಲ್ಲಿಂದ ಬರುತ್ತದೆ ಎಂದು ಎಲ್ಲಾದರೂ ಒಂದು ಸಾಲಿದೆಯೇ ಎಂದು ಹುಡುಕುತ್ತಾ ಮತ್ತೆ ಓದಿದಳು. ಇರಲಿಲ್ಲ. ಓದಲೆಂದು ಮೇಜಿನ ಮೇಲಿಟ್ಟ ಬಾಟಲಿ ಅಲ್ಲೇ ಉಳಿಯಿತು. ಎರಡೂವರೆಗೆ ಹೋಗಿ ನೋಡುವಾಗಲೂ ಕಣ್ಣು ಅಂಕಿಯ ಮೇಲಿದ್ದರೂ ಮನಸ್ಸು ಆ ದಪ್ಪ ಅಕ್ಷರದ ಮೇಲಿತ್ತು. ಒಣ ಥರ್ಮಾಮೀಟರು ಮೂವತ್ತೆಂಟು, ಒದ್ದೆಯದು ಇಪ್ಪತ್ತೊಂಬತ್ತು. ಬರೆದು ಕೊಟ್ಟಳು.

ಅಧಿಕಾರಿ ಕುರ್ಚಿಯಿಂದ ಎದ್ದೇಬಿಟ್ಟರು. "ತೇವ ಏರಿದೆಯಲ್ಲಮ್ಮ. ಗಾಳಿ ತಿರುಗಿರಬೇಕು. ನಾಳಿದ್ದು ಹನಿ ಬಿದ್ದರೂ ಬೀಳಬಹುದು." ಮೂರು ವಾರದಿಂದ ಒಳ್ಳೆಯ ಮಾತು ಬರೆಯಲು ಹಂಬಲಿಸುತ್ತಿದ್ದ ಮನುಷ್ಯ, ಉಮೇದಿನಲ್ಲೇ ಬರೆದು ಹಾಳೆ ಕಳಿಸಿದರು. ಬೆಂಕಿ ಕಾವಲಿನ ಮುಖ್ಯಸ್ಥನಿಗೂ ಫೋನು ಹೋಯಿತು. "ಹಾಗಾದರೆ ಇವತ್ತು ಸಂಜೆಯಿಂದ ಹುಡುಗರನ್ನ ಮನೆಗೆ ಕಳಿಸ್ತೀನಿ ಸಾರ್. ನಿದ್ದೆಯಿಲ್ಲದೆ ಬೆಂಡಾಗಿದ್ದಾರೆ," ಎಂದ ಅವನ ದನಿ ಮೇಜಿನಾಚೆಗೂ ಕೇಳಿಸಿತು.

ಸಂಜೆ ಐದಕ್ಕೆ ಪೆಟ್ಟಿಗೆ ಒರೆಸಲು ಹೋದಳು. ಬಟ್ಟಲು ಬತ್ತಿತ್ತು. ಬತ್ತಿ ಬೆರಳಿಗೆ ಗರಗರ ಎಂದಿತು.

ಹಾಗಾದರೆ ಎರಡೂವರೆಯ ಅಂಕಿ ಸುಳ್ಳು. ಅದರ ಹಿಂದೆಯೇ ಇನ್ನೊಂದು ಯೋಚನೆ ಬೆಕ್ಕಿನಂತೆ ಸದ್ದಿಲ್ಲದೆ ಬಂತು. ಈಗ ನೀರು ತುಂಬಿ ಬಾಗಿಲು ಹಾಕಿದರೆ ಯಾರಿಗೂ ತಿಳಿಯುವುದಿಲ್ಲ. ಮಳೆ ಬರುತ್ತದೆ ಎಂದು ಊರಿಗೆಲ್ಲ ಹೇಳುವವಳು ಚಿಕ್ಕವಳು. ಬರದಿದ್ದಾಗ ನಗೆಪಾಟಲಾಗುವವಳೂ ಚಿಕ್ಕವಳೇ. ತಂಪಾದ ದನಿಯಂತೆ. ಆ ಸುಖವನ್ನು ಅವಳು ಒಂದು ನಿಮಿಷ ಚಪ್ಪರಿಸಿದಳು. ಸುಳ್ಳೇಕೆ, ಎರಡು ನಿಮಿಷ.

ಆಮೇಲೆ ಕಣ್ಣು ಗುಡ್ಡದ ಕಡೆ ಹೋಯಿತು. ಹಳದಿ ಹುಲ್ಲು ಊರಿನ ಕೊನೆಯ ಮನೆಗಳ ಹಿತ್ತಲವರೆಗೂ ಇಳಿದಿತ್ತು. ಕಾವಲಿನವರು ಕೊಡಪಾನ ಹೊತ್ತು ಕೆಳಗೆ ಬರುತ್ತಿದ್ದರು.

ಬಟ್ಟಲು ತುಂಬಿದಳು. ಬತ್ತಿ ನೆನೆದು ಪಾದರಸ ಇಳಿದು ನಿಲ್ಲುವವರೆಗೆ ಕಾದಳು. ಇಪ್ಪತ್ತು. ತೇವವೂ ಇಲ್ಲ, ಮೋಡವೂ ಇಲ್ಲ. ಒಳಗೆ ಬಂದು ಕೆಂಪು ಶಾಯಿ ಕೇಳಿದಳು.

ಅಧಿಕಾರಿ ಅವಳ ಮುಖ ನೋಡಿದರು. "ನೀವಾ?"

"ನಾನೇ ಸಾರ್. ಬತ್ತಿ ಒಣಗಿತ್ತು, ನೋಡಲಿಲ್ಲ."

ಗೆರೆ ಎಳೆದಳು. ಕಾರಣದ ಜಾಗದಲ್ಲಿ 'ನೀರು ತುಂಬಲಿಲ್ಲ' ಎಂದಷ್ಟೇ ಬರೆದಳು. ಪತ್ರಿಕೆಯ ವಿಷಯ ಬರೆಯಲು ಅಲ್ಲಿ ಜಾಗವಿರಲಿಲ್ಲ.

"ಗುಡ್ಡದವರಿಗೆ ನಾನು ಹೇಳ್ತೀನಿ," ಎಂದರು ಅಧಿಕಾರಿ, ಫೋನಿಗೆ ಕೈ ಹಾಕುತ್ತಾ. "ಮಳೆಯಿಲ್ಲ, ಇನ್ನೂ ಐದು ದಿನ ಇದೇ ಬಿಸಿಲು. ರೇಡಿಯೋಗೆ ಆ ಫೋನಲ್ಲಿ ನೀವೇ ಹೇಳಿಬಿಡಿ. ಹೊತ್ತಿಲ್ಲ."

ಐದು ಇಪ್ಪತ್ತೇಳು. ಫೋನು ಎತ್ತಿದ್ದು ಚಿಕ್ಕವಳೇ. "ಅಕ್ಕಾ? ಪಾಪು ಹುಷಾರಾಗಿದಾಳೆ ತಾನೇ?"

ಮೊದಲು ಕೇಳಿದ್ದೇ ಅದನ್ನು. ಅದಕ್ಕೂ ಅವಳಿಗೆ ಸಿಟ್ಟು ಬಂತು.

"ಹುಷಾರಾಗಿದಾಳೆ. ಪೆನ್ನು ತಗೋ. ಮಳೆ ಅಂತ ಇದೆಯಲ್ಲ, ಹೊಡೆದುಹಾಕು. ನನ್ನ ಅಂಕಿ ತಪ್ಪಾಗಿತ್ತು."

"ನಿನ್ನ ಅಂಕಿನಾ? ತಮಾಷೆ ಮಾಡಬೇಡ ಅಕ್ಕ."

"ನನ್ನದೇ. ಬರ್ಕೋ."

"ಏನಂತ ಓದಲಿ? ಬೇಗ ಹೇಳು."

ಅವಳು ಹೇಳುತ್ತಾ ಹೋದಳು, ಚಿಕ್ಕವಳು ಗೀಚುತ್ತಾ ಹೋದಳು. ಮೂರು ನಿಮಿಷಕ್ಕೆ ಅದೇ ಮಾತು ಕಚೇರಿಯ ರೇಡಿಯೋದಲ್ಲಿ ಬಂತು: ಐದು ದಿನ ಮಳೆಯಿಲ್ಲ. ಗುಡ್ಡದ ಕಡೆ ಸಿಗರೇಟು ಎಸೆಯಬೇಡಿ, ಕಸಕ್ಕೆ ಬೆಂಕಿ ಹಚ್ಚಬೇಡಿ. ಮಕ್ಕಳು ಕೇಳುವವರೆಗೆ ಕಾಯದೆ ನೀರು ಕುಡಿಸಿ. ನಡುವೆ ಒಂದೇ ಒಂದು ಕಡೆ, 'ತೇವಾಂಶ' ಎನ್ನುವಲ್ಲಿ, ಆ ತಂಪಾದ ದನಿ ತಡವರಿಸಿ, ಎಡವಿ, ಎದ್ದಿತು.

ಮನೆಗೆ ಬಂದಾಗ ಅತ್ತೆ ಮೊಮ್ಮಗಳಿಗೆ ನೀರು ಕುಡಿಸುತ್ತಿದ್ದರು. "ಕೇಳಿದೆಯಾ? ಮಕ್ಕಳು ಕೇಳುವವರೆಗೆ ಕಾಯಬೇಡಿ ಅಂದಳು. ಇನ್ನೂ ಹೆತ್ತಿಲ್ಲ, ಆದರೂ ಎಂಥ ತಾಯಿಕರುಳು ನೋಡು."

ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು. ಆ ಮಾತು ತನ್ನದೆಂದು ಹೇಳಲು ಬಾಯಿ ತೆರೆದಿದ್ದರೆ ಆ ಕೆಂಪು ಗೆರೆಯಿಂದಲೇ ಶುರು ಮಾಡಬೇಕಾಗುತ್ತಿತ್ತು.

ಚಿಕ್ಕವಳು ಬಂದವಳೇ ಅಡುಗೆಮನೆಗೆ ಬಂದು ಪಕ್ಕದಲ್ಲಿ ಕೂತಳು. ಮುಖ ಸಣ್ಣಗಾಗಿತ್ತು. "ಅಕ್ಕ, ನಿಜ ಹೇಳು. ನಡುವೆ ನಾನು ತಡವರಿಸಿದ್ದು ಗೊತ್ತಾಯ್ತಾ?"

"ಇಲ್ಲವಲ್ಲ," ಎಂದಳು ಅವಳು, ತರಕಾರಿ ಹೆಚ್ಚುತ್ತಾ. "ಯಾರಿಗೂ ಗೊತ್ತಾಗಿಲ್ಲ ಬಿಡು."

ಚಿಕ್ಕವಳು ನಿಟ್ಟುಸಿರಿಟ್ಟು ಅವಳ ಭುಜಕ್ಕೆ ತಲೆ ಆನಿಸಿದಳು. ಅವಳು ಭುಜ ಕೊಟ್ಟಳು. ಆ ತಡವರಿಕೆಯನ್ನು ಮಾತ್ರ ಕಲ್ಲುಸಕ್ಕರೆಯಂತೆ ನಾಲಿಗೆಯ ಕೆಳಗೆ ಇಟ್ಟುಕೊಂಡು, ಕರಗಲು ಬಿಡದೆ, ಹೆಚ್ಚುತ್ತಲೇ ಇದ್ದಳು.