ಮದುವೆ ಊಟದ ಫೋಟೊ

ದವಡೆ ಆಪರೇಷನ್ ಮಾಡೋ ನಾವು ಒಂದಷ್ಟು ಡಾಕ್ಟರುಗಳು ಆಗಾಗ ದೇವನಹಳ್ಳಿಯಲ್ಲಿ ಸೇರಿ, ಅವರವರ ಕೇಸು ತೋರಿಸಿ ಬೈಸಿಕೊಳ್ತೀವಿ. ಆ ಸಲ ನನ್ನ ಸರದಿ. ದೊಡ್ಡಬಳ್ಳಾಪುರದ ನೇಕಾರ ಮಂಜಣ್ಣ ಬೈಕಿಂದ ಬಿದ್ದು ದವಡೆ ಮುರಿದುಕೊಂಡಿದ್ದರು. ನಾನು ಪ್ಲೇಟು, ಸ್ಕ್ರೂ ಹಾಕಿ ಕೂಡಿಸಿದ್ದೆ. ಜಂಬಕ್ಕೆ ಅವರನ್ನೂ ಜೊತೆಗೆ ಕರ್ಕೊಂಡು ಹೋಗಿದ್ದೆ.

ಪರದೆ ಮೇಲೆ ಅವರ ಹಲ್ಲು ಬಂದದ್ದೇ ತಡ, ನಮ್ಮ ಹಿರಿಯ ಡಾಕ್ಟರು, "ಏನಪ್ಪಾ, ಕೆಳಗಿನ ಸಾಲು ಎಡಕ್ಕೆ ಜರುಗಿದೆಯಲ್ಲ? ಬಿಚ್ಚಿ ಮತ್ತೆ ಕೂಡಿಸ್ಬೇಕು" ಅಂದುಬಿಟ್ಟರು.

ಹಿಂದಿನ ಕುರ್ಚಿಯಿಂದ ಮಂಜಣ್ಣ ಗಾಬರಿಯಾಗಿ ಎದ್ದರು. "ಬಿಚ್ಚಬೇಡಿ ಸಾರ್! ನಾನು ಮೊದಲಿಂದ್ಲೂ ಹಿಂಗೇ ಇರೋದು" ಅಂತ ಫೋನು ಕೊಟ್ಟರು. ಅವರ ಮದುವೆ ಊಟದ ಫೋಟೊ. ಕೈಯಲ್ಲಿ ಹೋಳಿಗೆ ಹಿಡಿದು ಹಲ್ಲು ಕಿರಿದಿದ್ದಾರೆ, ಕೆಳಗಿನ ಸಾಲು ಅಷ್ಟೇ ಎಡಕ್ಕೆ.

ಹಿರಿಯರು ಕನ್ನಡಕ ಏರಿಸಿ ನೋಡಿ, "ಹೆಂಡ್ತಿನೇ ಒಪ್ಪಿದ ಮೇಲೆ ನಾವ್ಯಾರ್ರೀ?" ಅಂದರು.

ಈಗ ನಾನು ಆಪರೇಷನ್‌ಗೆ ಮುಂಚೆ ಮದುವೆ ಆಲ್ಬಂ ತರಿಸ್ತೀನಿ. ಮೊದಲೆಲ್ಲ ಊಟಕ್ಕೆ ಕೂತವರ ಬಾಯಿಗೇ ಕ್ಯಾಮೆರಾ ಹಿಡಿಯೋರನ್ನ ಬೈತಿದ್ದೆ. ಈಗ ಅವರು ಬಂದರೆ, ಎಲೆ ಮುಂದೆ ಕೂತು ನಾನೇ ಹಲ್ಲು ಕಿರೀತೀನಿ.